ಯಂತ್ರದ ಆಮೆಗೆ ನಡೆ ಕಲಿಸುವುದು

ಮಕ್ಕಳ ಆಟಿಕೆಗಳನ್ನು ದೊಡ್ಡವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಗಮನಿಸಿದರೆ ಅವುಗಳಲ್ಲಿ ಭೌತವಿಜ್ಞಾನದ ಎಷ್ಟೋ ತತ್ತ್ವಗಳು ಅಡಗಿರುವುದು ಕಂಡುಬರುತ್ತದೆ. ಬುಗುರಿಯು ಆವರ್ತನ ಚಲನೆಯ ಪಾಠವನ್ನು ಹೇಳುತ್ತದೆ. ಗಾಳಿಪಟವು ಬಲಗಳ ಸಮತೋಲವನ್ನು ತೋರಿಸುತ್ತದೆ. ಈಚಿನ ವರ್ಷಗಳಲ್ಲಿ ಈ ಸಾಲಿಗೆ ಇನ್ನೊಂದು ಆಟಿಕೆ ಸೇರಿದೆ. ಹೇಳಿದಷ್ಟು ದೂರ ನಡೆಯುವ, ಹೇಳಿದಷ್ಟು ತಿರುಗುವ, ನಡೆದ ದಾರಿಯಲ್ಲಿ ಗೆರೆಯನ್ನೂ ಎಳೆಯುವ ಪುಟ್ಟ ಯಂತ್ರ ಅದು. ಅಂಗಡಿಯವರು ಅದನ್ನು ರೋಬಾಟ್ ಎನ್ನುತ್ತಾರೆ. ನಾವು ಯಂತ್ರದ ಆಮೆ ಎಂದು ಕರೆಯೋಣ. ಈ ಹೆಸರಿಗೆ ಕಾರಣವನ್ನು ಮುಂದೆ ನೋಡುವೆವು.

ಕಳೆದ ಬೇಸಗೆ ರಜೆಯಲ್ಲಿ ನನ್ನ ಅಕ್ಕನ ಮಗಳು ಅಂಥದೊಂದು ಆಟಿಕೆಯನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಅವಳಿಗೆ ಒಂಬತ್ತು ವರ್ಷ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಬೆನ್ನು ಮೇಲಾಗಿ ಅಂಟಿಸಿ ನಡುಮನೆಯಲ್ಲಿ ಹಾಸಿದೆವು. ೫೦ ಸೆಂಟಿಮೀಟರ್ ಬದಿಯ ಚೌಕವನ್ನು ಬರೆಯುವಂತೆ ಅವಳು ಆಮೆಗೆ ಆಜ್ಞೆ ಕೊಟ್ಟಳು. ಆಮೆಯು ಗಂಭೀರವಾಗಿ ಹೊರಟಿತು. ನಡೆಯಿತು, ತಿರುಗಿತು, ಮತ್ತೆ ನಡೆಯಿತು. ಆದರೆ ನಾಲ್ಕನೆಯ ಬದಿಯ ಕೊನೆ ಮೊದಲನೆಯ ಬದಿಯ ಆರಂಭವನ್ನು ಬಂದು ಸೇರಲಿಲ್ಲ. ಸುಮಾರು ನಾಲ್ಕೂವರೆ ಸೆಂಟಿಮೀಟರ್ ದೂರದಲ್ಲಿಯೇ ಆಮೆ ನಿಂತುಬಿಟ್ಟಿತು. ಎರಡನೆಯ ಸಲವೂ ಹಾಗೆಯೇ ಆಯಿತು.

"ಚಿಕ್ಕಮ್ಮ, ಇದು ಕೆಟ್ಟುಹೋಗಿದೆ. ಅಂಗಡಿಗೆ ವಾಪಸು ಕೊಟ್ಟುಬಿಡೋಣ" ಎಂದಳು ಹುಡುಗಿ.

ಆಮೆ ನಿಜವಾಗಿಯೂ ಕೆಟ್ಟಿತ್ತೆ? ತಪ್ಪು ಆಮೆಯದೋ, ಆಜ್ಞೆಯದೋ, ನೆಲದ್ದೋ? ಈ ಪ್ರಶ್ನೆಯ ಬೆನ್ನು ಹತ್ತಿ ನಾವಿಬ್ಬರೂ ಎರಡು ದಿನ ಕಳೆದೆವು. ಆ ಎರಡು ದಿನಗಳಲ್ಲಿ ಹುಡುಗಿ ಕಲಿತದ್ದು ಎಷ್ಟೋ. ಹನ್ನೆರಡು ವರ್ಷದಿಂದ ಕಾಲೇಜಿನಲ್ಲಿ ಪಾಠ ಹೇಳುತ್ತಿರುವ ನಾನೂ ಒಂದು ವಿಷಯವನ್ನು ಹೊಸದಾಗಿ ಕಲಿತೆ. ಈ ಆಟಿಕೆಯನ್ನು ಕೊಂಡವರು ಅದರೊಡನೆ ಹೇಗೆ ಆರಂಭಿಸಬೇಕೆಂಬುದನ್ನು ವಿವರಿಸುವುದರ ಜೊತೆಗೆ ಆ ವಿಷಯವನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ.

ಆಮೆಯ ಪೂರ್ವಜರು

ರೋಬಾಟ್ ಎಂಬ ಪದಕ್ಕೆ ಒಂದು ನೂರು ವರ್ಷ ಕಳೆದಿದೆ. ಚೆಕ್ ಲೇಖಕ ಕಾರೆಲ್ ಚಾಪೆಕ್ ೧೯೨೦ರಲ್ಲಿ ಬರೆದ ನಾಟಕವೊಂದರಲ್ಲಿ ಮನುಷ್ಯರಿಗಾಗಿ ದುಡಿಯುವ ಕೃತಕ ಆಳುಗಳು ಬರುತ್ತಾರೆ. ಚೆಕ್ ಭಾಷೆಯಲ್ಲಿ 'ರೊಬೊಟ' ಎಂದರೆ ಬಿಟ್ಟಿ ದುಡಿಮೆ. ಆ ಮಾತಿನಿಂದ ಈ ಹೆಸರನ್ನು ಸೂಚಿಸಿದವನು ಲೇಖಕನ ಅಣ್ಣ ಯೋಸೆಫ್. ಕಥೆಯ ರೋಬಾಟುಗಳಿಗೆ ಮನುಷ್ಯಾಕಾರವಿತ್ತು. ಆದರೆ ನಮ್ಮ ಆಟಿಕೆಯ ನಿಜವಾದ ವಂಶಾವಳಿಯು ಆರಂಭವಾಗುವುದು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ.

ಅಲ್ಲಿನ ಬರ್ಡನ್ ನರವಿಜ್ಞಾನ ಸಂಸ್ಥೆಯಲ್ಲಿ ಮೆದುಳಿನ ವಿದ್ಯುತ್ ತರಂಗಗಳನ್ನು ಅಭ್ಯಸಿಸುತ್ತಿದ್ದ ವಿಲಿಯಂ ಗ್ರೇ ವಾಲ್ಟರ್ ಎಂಬ ವಿಜ್ಞಾನಿ ೧೯೪೮-೪೯ರಲ್ಲಿ ಎರಡು ವಿಚಿತ್ರ ಯಂತ್ರಗಳನ್ನು ನಿರ್ಮಿಸಿದನು. ಮೂರು ಚಕ್ರ, ಮೇಲೊಂದು ಚಿಪ್ಪು, ಎರಡು ಮೋಟಾರು, ಎರಡು ರೇಡಿಯೋ ಕವಾಟ, ಬೆಳಕನ್ನು ಗುರುತಿಸುವ ಒಂದು ದ್ಯುತಿಕೋಶ, ಚಿಪ್ಪಿಗೆ ಏನಾದರೂ ತಗುಲಿದರೆ ಕೂಡಿಕೊಳ್ಳುವ ಒಂದು ಸ್ವಿಚ್ಚು - ಇಷ್ಟೇ ಅವುಗಳ ಒಡಲು. ಅವುಗಳಿಗೆ ಎಲ್ಮರ್, ಎಲ್ಸಿ ಎಂದು ಹೆಸರಿಟ್ಟನು. ಆಕಾರದಿಂದಾಗಿ ಜನ ಅವನ್ನು ಆಮೆಗಳೆಂದೇ ಕರೆದರು. ಇವು ಮಂದ ಬೆಳಕಿನ ಕಡೆಗೆ ಸಾಗುತ್ತಿದ್ದುವು, ತೀಕ್ಷ್ಣ ಬೆಳಕಿನಿಂದ ದೂರ ಸರಿಯುತ್ತಿದ್ದುವು, ಅಡ್ಡಿ ಬಂದರೆ ಹಿಮ್ಮೆಟ್ಟಿ ಬೇರೆ ದಾರಿ ಹುಡುಕುತ್ತಿದ್ದುವು. ವಿದ್ಯುತ್ಕೋಶದ ಶಕ್ತಿ ಕುಂದಿದಾಗ ತೀಕ್ಷ್ಣ ಬೆಳಕಿನ ಭಯ ಅಳಿದು, ದೀಪವಿರುವ ತಮ್ಮ ಗೂಡಿಗೆ ಹಿಂದಿರುಗುತ್ತಿದ್ದುವು. ನೋಡಿದವರಿಗೆ ಇವು ಜೀವಂತ ಪ್ರಾಣಿಗಳೇ ಎನಿಸುತ್ತಿತ್ತು. ಕೇವಲ ಎರಡು ಕವಾಟಗಳಿಂದ ಇಷ್ಟು ವಿವಿಧ ನಡವಳಿಕೆ ಹುಟ್ಟಬಲ್ಲುದೆಂಬುದೇ ಗ್ರೇ ವಾಲ್ಟರನು ತೋರಿಸಬೇಕೆಂದಿದ್ದ ಸಂಗತಿ.

ಎರಡನೆಯ ತಲೆಮಾರಿನ ಆಮೆ ಹುಟ್ಟಿದ್ದು ಅಮೆರಿಕೆಯಲ್ಲಿ. ದಕ್ಷಿಣ ಆಫ್ರಿಕದಲ್ಲಿ ಜನಿಸಿದ ಗಣಿತಜ್ಞ ಸೀಮೋರ್ ಪ್ಯಾಪರ್ಟ್, ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಅಭ್ಯಸಿಸಿದ ಜ್ಯಾಂ ಪಿಯಾಜೆಯೊಡನೆ ಜಿನೀವದಲ್ಲಿ ಕೆಲವು ವರ್ಷ ಕೆಲಸ ಮಾಡಿ, ಬಳಿಕ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯನ್ನು ಸೇರಿದನು. ಪ್ಯಾಪರ್ಟ್, ವಾಲೇಸ್ ಫೋರ್ಜೈಗ್, ಸಿಂಥಿಯಾ ಸಾಲೊಮನ್ ಮೊದಲಾದವರು ೧೯೬೭ರಲ್ಲಿ ಮಕ್ಕಳಿಗಾಗಿಯೇ 'ಲೋಗೋ' ಎಂಬ ಗಣಕಭಾಷೆಯನ್ನು ರಚಿಸಿದರು. ಕೆಲವೇ ವರ್ಷಗಳಲ್ಲಿ ಆ ಭಾಷೆಯ ಆಜ್ಞೆಗಳಂತೆ ನೆಲದ ಮೇಲೆ ನಡೆದು ಗೆರೆ ಎಳೆಯುವ ಯಂತ್ರವೂ ಸಿದ್ಧವಾಯಿತು. ಗ್ರೇ ವಾಲ್ಟರನ ಯಂತ್ರಗಳ ನೆನಪಿನಿಂದ ಅದಕ್ಕೂ ಆಮೆಯೆಂದೇ ಹೆಸರು ಬಂದಿತು. ಇಂದು ನಮ್ಮ ಅಂಗಡಿಗಳಲ್ಲಿ ದೊರೆಯುವ ನಡೆಯುವ ಆಟಿಕೆಗಳಲ್ಲಿ ಬಹಳಷ್ಟು ಈ ಎರಡು ಆಮೆಗಳ ಮರಿಮಕ್ಕಳು.

ಯಂತ್ರವು ಮಗುವಿಗೆ ಕಲಿಸುವುದಕ್ಕಿಂತ ಮಗುವೇ ಯಂತ್ರಕ್ಕೆ ಕಲಿಸುವುದು ಮೇಲೆಂಬುದು ಪ್ಯಾಪರ್ಟನ ವಿಚಾರದ ತಿರುಳು. ಕಲಿಸಹೊರಟವನಿಗೆ ತನಗೆ ಏನು ಗೊತ್ತಿಲ್ಲವೆಂಬುದು ಬಹು ಬೇಗ ತಿಳಿಯುತ್ತದೆ. ಇದನ್ನು ಅಧ್ಯಾಪಕರೆಲ್ಲರೂ ಬಲ್ಲರು.

ಮೊದಲು ನೀವೇ ಆಮೆಯಾಗಿರಿ

ಪೆಟ್ಟಿಗೆಯನ್ನು ಬಿಚ್ಚಿದ ಕೂಡಲೆ ಗುಂಡಿಗಳನ್ನು ಒತ್ತುವ ಆಸೆಯಾಗುವುದು ಸಹಜ. ಅದನ್ನು ಹತ್ತು ನಿಮಿಷ ತಡೆದುಕೊಳ್ಳಿ. ಆಮೆಗೆ ಗೊತ್ತಿರುವ ಮುಖ್ಯ ಆಜ್ಞೆಗಳು ನಾಲ್ಕೇ: ಇಷ್ಟು ಮುಂದೆ ನಡೆ, ಇಷ್ಟು ಹಿಂದೆ ನಡೆ, ಇಷ್ಟು ಬಲಕ್ಕೆ ತಿರುಗು, ಇಷ್ಟು ಎಡಕ್ಕೆ ತಿರುಗು. 'ಚೌಕ' ಎಂದರೇನು, 'ಆ ಮೂಲೆ' ಎಂದರೇನು ಎಂಬುದು ಅದಕ್ಕೆ ತಿಳಿಯದು. ತಿರುಗುವಾಗ ಅದು ನಿಂತ ಜಾಗವನ್ನು ಬಿಡುವುದಿಲ್ಲ. ಮುಖದ ದಿಕ್ಕು ಮಾತ್ರ ಬದಲಾಗುತ್ತದೆ.

ಈಗ ನೀವೇ ಅಂಗಳದಲ್ಲಿ ನಿಂತು, ಗೆಳೆಯನೊಬ್ಬನು ಈ ನಾಲ್ಕೇ ಮಾತುಗಳಲ್ಲಿ ಕೊಡುವ ಆಜ್ಞೆಗಳಂತೆ ನಡೆಯಿರಿ. ಅವನ ಮನಸ್ಸಿನ ಅಭಿಪ್ರಾಯವನ್ನು ಊಹಿಸಬೇಡಿ, ಹೇಳಿದ್ದನ್ನಷ್ಟೇ ಮಾಡಿ. ಚೌಕಕ್ಕೆ "ನಾಲ್ಕು ಹೆಜ್ಜೆ ಮುಂದೆ ನಡೆ, ೯೦ ಡಿಗ್ರಿ ಬಲಕ್ಕೆ ತಿರುಗು" ಎಂಬುದನ್ನು ನಾಲ್ಕು ಸಲ ಹೇಳಿದರಾಯಿತು. ಹೊರಟಲ್ಲಿಗೇ ಬಂದು, ಹೊರಟಾಗ ಇದ್ದ ದಿಕ್ಕಿಗೇ ಮುಖಮಾಡಿ ನಿಲ್ಲುತ್ತೀರಿ.

ಮುಂದೆ ಸಮಭುಜ ತ್ರಿಕೋನ. ಇಲ್ಲಿ ಬಹುಮಂದಿ ಎಡವುತ್ತಾರೆ. ಸಮಭುಜ ತ್ರಿಕೋನದ ಒಂದೊಂದು ಕೋನವೂ ೬೦ ಡಿಗ್ರಿ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಆದುದರಿಂದ "ನಡೆ, ೬೦ ಡಿಗ್ರಿ ತಿರುಗು" ಎಂದು ಮೂರು ಸಲ ಹೇಳುತ್ತೇವೆ. ಆಮೆಯು ಮೂರು ಬದಿಗಳನ್ನು ಎಳೆದು, ಮುಚ್ಚದ ಬಟ್ಟಲಿನಂಥ ಆಕಾರವನ್ನು ಬಿಟ್ಟು ನಿಲ್ಲುತ್ತದೆ. ಇನ್ನೂ ಮೂರು ಸಲ ಹೇಳಿದರೆ ಅದು ಷಟ್ಕೋನವನ್ನು ಪೂರೈಸುತ್ತದೆ! ಆಮೆ ತಿರುಗುವುದು ಆಕೃತಿಯ ಒಳಕೋನದಷ್ಟಲ್ಲ, ಹೊರಕೋನದಷ್ಟು. ೧೮೦ರಲ್ಲಿ ೬೦ ಕಳೆದರೆ ೧೨೦. ತ್ರಿಕೋನಕ್ಕೆ ೧೨೦ ಡಿಗ್ರಿ ತಿರುಗಬೇಕು. ಚೌಕದಲ್ಲಿ ಒಳಕೋನವೂ ಹೊರಕೋನವೂ ೯೦ ಆದುದರಿಂದ ಈ ಭೇದ ಅಲ್ಲಿ ಮರೆಯಾಗಿತ್ತು. ಸರಿಯುತ್ತರ ಬಂದ ಮಾತ್ರಕ್ಕೆ ಸರಿಯಾಗಿ ತಿಳಿದಂತಾಯಿತೆಂದು ನಂಬಲಾಗದು ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ತಿಳಿಯದು.

ಇದರಿಂದ ಒಂದು ಸುಂದರ ನಿಯಮ ದೊರೆಯುತ್ತದೆ. ಗೆರೆಗಳು ಒಂದನ್ನೊಂದು ದಾಟದ ಯಾವ ಮುಚ್ಚಿದ ಆಕೃತಿಯನ್ನು ಸುತ್ತಿ ಬಂದರೂ, ಬಲಕ್ಕೆ ತಿರುಗಿದ್ದನ್ನು ಕೂಡಿಸಿ ಎಡಕ್ಕೆ ತಿರುಗಿದ್ದನ್ನು ಕಳೆದರೆ, ಆಮೆ ಒಟ್ಟಿನಲ್ಲಿ ೩೬೦ ಡಿಗ್ರಿ ತಿರುಗಿರುತ್ತದೆ. ಪಂಚಕೋನಕ್ಕೆ ೩೬೦ನ್ನು ಐದರಿಂದ ಭಾಗಿಸಿ ೭೨, ಅಷ್ಟಕೋನಕ್ಕೆ ೪೫. "ಒಂದು ಮಾನ ನಡೆ, ೧ ಡಿಗ್ರಿ ತಿರುಗು" ಎಂಬುದನ್ನು ೩೬೦ ಸಲ ಹೇಳಿದರೆ ಕಣ್ಣಿಗೆ ವೃತ್ತವೇ ಆಗಿ ತೋರುವ ಆಕೃತಿ ಬರುತ್ತದೆ. ಅದರ ಪರಿಧಿ ೩೬೦ ಮಾನ. ೨π ಯಿಂದ ಭಾಗಿಸಿದರೆ ತ್ರಿಜ್ಯ ಸುಮಾರು ೫೭.೩ ಮಾನ. ರೇಡಿಯನ್ ಎಂಬ ಕೋನಮಾನವನ್ನು ಕಲಿತವರಿಗೆ ಈ ಸಂಖ್ಯೆ ಪರಿಚಿತವಾಗಿಯೇ ಇದೆ.

ಚಕ್ರದ ಲೆಕ್ಕ

ಇನ್ನು ಆಮೆಯನ್ನು ಮಗುಚಿ ನೋಡೋಣ. ಅಕ್ಕಪಕ್ಕದಲ್ಲಿ ಎರಡು ಚಕ್ರಗಳು. ಒಂದೊಂದಕ್ಕೂ ಪ್ರತ್ಯೇಕ ಮೋಟಾರು. ಮುಂದುಗಡೆ ಭಾರವನ್ನು ಹೊರಲು ಎಲ್ಲ ದಿಕ್ಕಿಗೂ ಉರುಳುವ ಒಂದು ಗುಂಡು. ಎರಡು ಚಕ್ರಗಳ ಸರಿನಡುವೆ ಪೆನ್ನು. ಎರಡೂ ಚಕ್ರಗಳು ಒಂದೇ ಕಡೆಗೆ ಸಮವಾಗಿ ಉರುಳಿದರೆ ಆಮೆ ನೇರವಾಗಿ ನಡೆಯುತ್ತದೆ. ಒಂದು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಸಮವಾಗಿ ಉರುಳಿದರೆ ಪೆನ್ನಿರುವ ಬಿಂದುವು ಕದಲದೆ ಆಮೆ ಅಲ್ಲಿಯೇ ತಿರುಗುತ್ತದೆ.

ಎಷ್ಟು ಉರುಳಿದರೆ ಎಷ್ಟು ತಿರುಗುತ್ತದೆ? ನಮ್ಮ ಆಮೆಯ ಚಕ್ರದ ವ್ಯಾಸ ೬ ಸೆಂಟಿಮೀಟರ್. ಆದುದರಿಂದ ಪರಿಧಿ ೧೮.೮೪ ಸೆಂಟಿಮೀಟರ್. ಜೊತೆಗೆ ಬಂದ ಕೈಪಿಡಿಯ ಪ್ರಕಾರ ಎರಡು ಚಕ್ರಗಳ ನಡುವಣ ದೂರ ೧೦ ಸೆಂಟಿಮೀಟರ್. ಆಮೆ ನಿಂತಲ್ಲಿಯೇ ಪೂರ್ತಿ ಒಂದು ಸುತ್ತು ತಿರುಗುವಾಗ ಒಂದೊಂದು ಚಕ್ರವೂ ೧೦ ಸೆಂಟಿಮೀಟರ್ ವ್ಯಾಸದ ವೃತ್ತದ ಮೇಲೆ ಚಲಿಸುತ್ತದೆ. ಆ ವೃತ್ತದ ಪರಿಧಿ ೩೧.೪, ಕಾಲು ಸುತ್ತಿಗೆ ೭.೮೫ ಸೆಂಟಿಮೀಟರ್. ಇಷ್ಟು ದೂರ ಸಾಗಲು ಚಕ್ರವು ತನ್ನ ಅಚ್ಚಿನ ಸುತ್ತ ೧೫೦ ಡಿಗ್ರಿ ಉರುಳಬೇಕು. ಲೆಕ್ಕವನ್ನು ಇನ್ನೂ ಸುಲಭವಾಗಿ ಹೀಗೆ ಹೇಳಬಹುದು: ಆಮೆ ತಿರುಗಬೇಕಾದ ಕೋನವನ್ನು ಚಕ್ರಗಳ ನಡುವಣ ದೂರದಿಂದ ಗುಣಿಸಿ, ಚಕ್ರದ ವ್ಯಾಸದಿಂದ ಭಾಗಿಸಬೇಕು. ಇಲ್ಲಿ π ಮಾಯವಾಗಿರುವುದನ್ನು ಗಮನಿಸಿ.

ಚಕ್ರವು ಸರಿಯಾಗಿ ೧೫೦ ಡಿಗ್ರಿ ಉರುಳಿತೆಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಅಗ್ಗದ ಆಟಿಕೆಗಳು ಕಾಲವನ್ನು ಎಣಿಸುತ್ತವೆ: ಇಷ್ಟು ಸೆಕೆಂಡು ಮೋಟಾರನ್ನು ಓಡಿಸಿದರೆ ಇಷ್ಟು ದೂರ ಎಂಬ ಊಹೆ. ವಿದ್ಯುತ್ಕೋಶ ಹಳತಾದಂತೆ ಮೋಟಾರಿನ ವೇಗ ಇಳಿದು ಈ ಊಹೆ ಕೆಡುತ್ತದೆ. ಉತ್ತಮ ತರಗತಿಯ ಆಮೆಗಳಲ್ಲಿ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರು ಇರುತ್ತದೆ. ಒಂದು ಸುತ್ತಿಗೆ ೨೦೪೮ ಹೆಜ್ಜೆಗಳಿದ್ದರೆ ೧೫೦ ಡಿಗ್ರಿಗೆ ೮೫೩ ಹೆಜ್ಜೆ. ಒಂದು ಹೆಜ್ಜೆಗೆ ನಮ್ಮ ಆಮೆ ಸರಿಯುವ ದೂರ ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗಕ್ಕಿಂತಲೂ ತುಸು ಕಡಿಮೆ. ಇಷ್ಟು ಸೂಕ್ಷ್ಮವಾದ ಯಂತ್ರವು ನಾಲ್ಕೂವರೆ ಸೆಂಟಿಮೀಟರ್ ತಪ್ಪಿದ್ದು ಏಕೆ?

ಚೌಕ ಏಕೆ ಮುಚ್ಚಲಿಲ್ಲ?

ಆಮೆಯನ್ನು ಅಂಗಡಿಗೆ ಹಿಂದಿರುಗಿಸುವ ಮೊದಲು ಅದೇ ಆಜ್ಞೆಯನ್ನು ಹತ್ತು ಸಲ ಕೊಟ್ಟು, ಒಂದೊಂದು ಸಲವೂ ಅದು ನಿಂತ ಜಾಗವನ್ನು ಗುರುತುಮಾಡೋಣವೆಂದು ಹುಡುಗಿಗೆ ಹೇಳಿದೆ. ಹತ್ತು ಚುಕ್ಕೆಗಳೂ ಆರಂಭದ ಬಿಂದುವಿನಿಂದ ಒಂದೇ ಕಡೆಗೆ, ಹೆಚ್ಚು ಕಡಿಮೆ ನಾಲ್ಕೂವರೆ ಸೆಂಟಿಮೀಟರ್ ದೂರದಲ್ಲಿ ಗುಂಪುಗೂಡಿದ್ದುವು. ಗುಂಪಿನೊಳಗೆ ಮಾತ್ರ ಅವು ಅತ್ತಿತ್ತ ಚೆದರಿದ್ದುವು.

ಅಳತೆಯ ದೋಷಗಳಲ್ಲಿ ಎರಡು ಬಗೆ. ಪ್ರತಿಸಲವೂ ಒಂದೇ ಕಡೆಗೆ, ಒಂದೇ ಪ್ರಮಾಣದಲ್ಲಿ ಬರುವುದು ವ್ಯವಸ್ಥಿತ ದೋಷ. ಒಮ್ಮೆ ಅತ್ತ ಒಮ್ಮೆ ಇತ್ತ ಬರುವುದು ಯಾದೃಚ್ಛಿಕ ದೋಷ. ಎರಡನೆಯದನ್ನು ಹಲವು ಅಳತೆಗಳ ಸರಾಸರಿಯಿಂದ ಕಡಿಮೆ ಮಾಡಬಹುದು. ಮೊದಲನೆಯದು ಸರಾಸರಿಗೆ ಬಗ್ಗುವುದಿಲ್ಲ. ಸಾವಿರ ಸಲ ಅಳೆದರೂ ಹಾಗೆಯೇ ಉಳಿಯುತ್ತದೆ. ಆದರೆ ಅದಕ್ಕೆ ನಿಶ್ಚಿತ ಕಾರಣವೊಂದು ಇರಲೇಬೇಕು, ಹುಡುಕಿದರೆ ಸಿಕ್ಕುತ್ತದೆ. ಹತ್ತು ಚುಕ್ಕೆಗಳು ಹೇಳುತ್ತಿದ್ದುದು ಇದನ್ನೇ.

ಸಂಶಯಕ್ಕೆ ಎಡೆಯಿದ್ದ ಕಾರಣಗಳು ಎರಡು. ಒಂದು ಚಕ್ರ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ದೊಡ್ಡದಾಗಿದ್ದು ಆಮೆ ನೇರವಾಗಿ ನಡೆಯದೆ ವಾಲುತ್ತಿರಬಹುದು. ಇಲ್ಲವೆ ಚಕ್ರಗಳ ನಡುವಣ ದೂರ ೧೦ ಸೆಂಟಿಮೀಟರ್ ಎಂಬುದೇ ತಪ್ಪಿರಬಹುದು. ಇವೆರಡರಲ್ಲಿ ಯಾವುದೆಂದು ತಿಳಿಯಲು ಸರಳವಾದ ಉಪಾಯವಿದೆ: ಚೌಕವನ್ನು ಒಮ್ಮೆ ಬಲಸುತ್ತಾಗಿ, ಇನ್ನೊಮ್ಮೆ ಎಡಸುತ್ತಾಗಿ ಬರೆಯಿಸಬೇಕು. ಬಲಚಕ್ರ ದೊಡ್ಡದಾಗಿದ್ದರೆ ಆಮೆ ನಡೆಯುವಾಗ ಯಾವಾಗಲೂ ಎಡಕ್ಕೆ ವಾಲುತ್ತದೆ. ಆಗ ಬಲಸುತ್ತಿನಲ್ಲಿ ಒಟ್ಟು ತಿರುಗುವಿಕೆ ೩೬೦ಕ್ಕಿಂತ ಕಡಿಮೆಯಾಗುತ್ತದೆ, ಎಡಸುತ್ತಿನಲ್ಲಿ ಹೆಚ್ಚಾಗುತ್ತದೆ. ಚಕ್ರಗಳ ನಡುವಣ ದೂರದಲ್ಲಿ ತಪ್ಪಿದ್ದರೆ ಎರಡು ಸುತ್ತಿನಲ್ಲಿಯೂ ಒಂದೇ ಬಗೆಯಾಗಿ ಕಡಿಮೆ ಇಲ್ಲವೆ ಒಂದೇ ಬಗೆಯಾಗಿ ಹೆಚ್ಚು ತಿರುಗುತ್ತದೆ. ನಮ್ಮ ಆಮೆಯು ಎರಡು ಸುತ್ತಿನಲ್ಲಿಯೂ ಕಡಿಮೆಯೇ ತಿರುಗುತ್ತಿತ್ತು.

ಹುಡುಗಿ ಅಡಿಪಟ್ಟಿಯನ್ನು ತಂದು ಅಳೆದಳು. ಚಕ್ರಗಳಿಗೆ ಅಗಲವಾದ ರಬ್ಬರು ಪಟ್ಟಿಯಿತ್ತು. ಅದು ನೆಲವನ್ನು ಮುಟ್ಟುತ್ತಿದ್ದುದು ನಡುವಿನಲ್ಲಲ್ಲ, ಹೊರ ಅಂಚಿನ ಕಡೆಗೆ. ನೆಲ ಮುಟ್ಟುವ ಬಿಂದುಗಳ ನಡುವಣ ನಿಜವಾದ ದೂರ ೧೦.೨ ಸೆಂಟಿಮೀಟರ್. ವ್ಯತ್ಯಾಸ ಎರಡೇ ಮಿಲಿಮೀಟರ್! ಆದರೆ ಅದರ ಪರಿಣಾಮವನ್ನು ನೋಡಿ. ೧೦ ಸೆಂಟಿಮೀಟರ್ ಎಂದೆಣಿಸಿ ೯೦ ಡಿಗ್ರಿ ತಿರುಗಹೊರಟ ಆಮೆ ತಿರುಗಿದ್ದು ೮೮.೨ ಡಿಗ್ರಿ ಮಾತ್ರ. ಒಂದು ತಿರುವಿನಲ್ಲಿ ೧.೮ ಡಿಗ್ರಿ ಕಡಿಮೆ. ನಾಲ್ಕು ತಿರುವಿಗೆ ಸುಮಾರು ೭ ಡಿಗ್ರಿ. ತ್ರಿಕೋನಮಿತಿ ಬಲ್ಲವರು ಗುಣಿಸಿ ನೋಡಬಹುದು: ೫೦ ಸೆಂಟಿಮೀಟರ್ ಬದಿಯ ಚೌಕದಲ್ಲಿ ಇದರಿಂದ ಉಳಿಯುವ ಬಿರುಕು ೪.೪ ಸೆಂಟಿಮೀಟರ್. ನಾವು ಕಂಡದ್ದೂ ಹೆಚ್ಚು ಕಡಿಮೆ ಅಷ್ಟೇ.

ಮುಂದಿನ ಕೆಲಸ ಸುಲಭವಾಯಿತು. ೯೦ಕ್ಕೆ ಬದಲಾಗಿ ೯೨ ಡಿಗ್ರಿ ತಿರುಗುವಂತೆ ಆಜ್ಞೆ ಕೊಟ್ಟೆವು. ಚೌಕ ಬಹುಮಟ್ಟಿಗೆ ಮುಚ್ಚಿತು. ಉಳಿದ ಅರ್ಧ ಮುಕ್ಕಾಲು ಸೆಂಟಿಮೀಟರಿನ ತಪ್ಪು ಒಮ್ಮೆ ಅತ್ತ ಒಮ್ಮೆ ಇತ್ತ ಬರುತ್ತಿತ್ತು. ಕಾಗದದ ಸುಕ್ಕು, ನೆಲದ ಕಲ್ಲುಗಳ ಸಂದು, ಚಕ್ರದ ಜಾರುವಿಕೆ ಇವೇ ಅದಕ್ಕೆ ಕಾರಣ. "ಹಾಗಾದರೆ ಇದು ಕೆಟ್ಟಿರಲಿಲ್ಲ, ಅಲ್ಲವಾ ಚಿಕ್ಕಮ್ಮ? ಹೇಳಿದಷ್ಟೇ ಮಾಡುತ್ತಿತ್ತು" ಎಂದಳು ಹುಡುಗಿ.

ಒಂದು ತಪ್ಪೊಪ್ಪಿಗೆ

ಆ ರಾತ್ರಿ ನನಗೆ ನೆನಪಾದ ಸಂಗತಿಯನ್ನು ಇಲ್ಲಿ ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯುತ್ತೇನೆ. ನಾನು ಕಾಲೇಜು ವಿದ್ಯಾರ್ಥಿನಿಯಾಗಿದ್ದಾಗ ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಅಳೆಯುವ ಪ್ರಯೋಗವನ್ನು ಮಾಡಬೇಕಾಗಿತ್ತು. ಪುಸ್ತಕದಲ್ಲಿ ಸೆಕೆಂಡಿಗೆ ಸೆಕೆಂಡಿಗೆ ೯.೮ ಮೀಟರ್ ಎಂದಿತ್ತು. ನನಗೆ ಬಂದದ್ದು ೯.೬. ಮತ್ತೆ ಮಾಡಿದೆ, ಮತ್ತೆ ೯.೬. ಗಂಟೆ ಹೊಡೆಯಲು ಹತ್ತು ನಿಮಿಷವಿತ್ತು. ನಾನು ಆಂದೋಲನದ ಕಾಲಗಳನ್ನು ಅಲ್ಲಲ್ಲಿ ತಿದ್ದಿ ೯.೮ ಬರುವಂತೆ ಮಾಡಿ ದಾಖಲೆ ಪುಸ್ತಕದಲ್ಲಿ ಬರೆದೆ. ಪೂರ್ಣ ಅಂಕಗಳು ದೊರೆತವು.

ದಾರದ ಉದ್ದವನ್ನು ನಾನು ಗುಂಡಿನ ಮೇಲ್ತುದಿಯವರೆಗೆ ಮಾತ್ರ ಅಳೆದಿದ್ದೆ. ಅಳೆಯಬೇಕಾದುದು ಗುಂಡಿನ ಕೇಂದ್ರದವರೆಗೆ. ೫೦ ಸೆಂಟಿಮೀಟರ್ ದಾರಕ್ಕೆ ಒಂದು ಸೆಂಟಿಮೀಟರ್ ತ್ರಿಜ್ಯದ ಗುಂಡನ್ನು ಕಟ್ಟಿದರೆ ಉತ್ತರದಲ್ಲಿ ನೂರಕ್ಕೆ ಎರಡರಷ್ಟು ಕಡಿಮೆ ಬರುವುದು ನ್ಯಾಯವೇ. ಲೋಲಕವು ನಿಜವನ್ನೇ ನುಡಿಯುತ್ತಿತ್ತು. ನನ್ನ ತಪ್ಪು ಎಲ್ಲಿದೆಯೆಂದು ಬೆರಳಿಟ್ಟು ತೋರಿಸುತ್ತಿತ್ತು. ನಾನು ಅದರ ಬಾಯನ್ನು ಮುಚ್ಚಿಸಿದೆ. ಅದನ್ನು ಸರಿಯಾಗಿ ಅರ್ಥಮಾಡಿಕೊಳ್ಳಲು ಮತ್ತೆ ಹಲವು ವರ್ಷಗಳು ಬೇಕಾದುವು. ಇಂದು ಅಧ್ಯಾಪಕಿಯಾಗಿ ನಾನು ತಿದ್ದುವ ದಾಖಲೆ ಪುಸ್ತಕಗಳಲ್ಲಿಯೂ ಸಾಲಾಗಿ ೯.೮ ಎಂದೇ ಇರುತ್ತದೆ. ಹಾಗೆ ಬರೆಯುವ ವಿದ್ಯಾರ್ಥಿಗಳನ್ನು ಗದರುವ ಧೈರ್ಯ ನನಗೆ ಬರುವುದಿಲ್ಲ.

ಆಮೆಯೊಡನೆ ಈ ಆಟ ಸಾಗದು. ಮುಚ್ಚದ ಚೌಕ ಕಾಗದದ ಮೇಲೆ ಎಲ್ಲರಿಗೂ ಕಾಣುವಂತೆ ಬಿದ್ದಿರುತ್ತದೆ. ಅದಕ್ಕೆ ಅಂಕಗಳಿಲ್ಲ, ಗದರುವವರಿಲ್ಲ. ಆದುದರಿಂದ ಮಗುವು ತಪ್ಪನ್ನು ಬಚ್ಚಿಡದೆ ಅದರ ಕಾರಣವನ್ನು ಹುಡುಕುತ್ತದೆ. ಈ ಆಟಿಕೆಯ ದೊಡ್ಡ ಉಪಯೋಗ ಇದೇ ಎಂದು ನನ್ನ ಅಭಿಪ್ರಾಯ.

ಕಣ್ಣುಳ್ಳ ಆಮೆ

ಇಷ್ಟು ಹೊತ್ತು ನಮ್ಮ ಆಮೆ ಕುರುಡಾಗಿ ನಡೆಯುತ್ತಿತ್ತು. ತಾನು ಎಲ್ಲಿದ್ದೇನೆಂದು ಅದಕ್ಕೆ ತಿಳಿಯದು. ಉರುಳಿದ ಹೆಜ್ಜೆಗಳ ಲೆಕ್ಕವೇ ಅದಕ್ಕೆ ಆಧಾರ. ದಿಕ್ಕಿನಲ್ಲಿ ೧ ಡಿಗ್ರಿ ತಪ್ಪಿದರೂ ಒಂದು ಮೀಟರ್ ನಡೆಯುವಷ್ಟರಲ್ಲಿ ೧.೭೫ ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ತಪ್ಪು ತಪ್ಪಿಗೆ ಸೇರುತ್ತ ಬೆಳೆಯುತ್ತದೆ. ಇದಕ್ಕೆ ಮದ್ದು ಕಣ್ಣು.

ಹಲವು ಆಮೆಗಳ ಹೊಟ್ಟೆಯ ಕೆಳಗೆ ಅವಕೆಂಪು ಬೆಳಕನ್ನು ಸೂಸುವ ಒಂದು ಪುಟ್ಟ ದೀಪವೂ, ನೆಲದಿಂದ ಪ್ರತಿಫಲಿಸಿ ಬರುವ ಆ ಬೆಳಕನ್ನು ಅಳೆಯುವ ಒಂದು ಅರೆವಾಹಕ ಸಾಧನವೂ ಇರುತ್ತವೆ. ಬಿಳಿಯ ಕಾಗದ ಬೆಳಕನ್ನು ಹೆಚ್ಚಾಗಿ ಹಿಂದಿರುಗಿಸುತ್ತದೆ. ಕಪ್ಪು ಪಟ್ಟಿ ಹೀರಿಕೊಳ್ಳುತ್ತದೆ. ಬಿಳಿಯ ಕಾಗದದ ಮೇಲೆ ಎರಡು ಸೆಂಟಿಮೀಟರ್ ಅಗಲದ ಕಪ್ಪು ಪಟ್ಟಿಯನ್ನು ಅಂಟಿಸಿ, ಆಮೆಗೆ ಎರಡೇ ನಿಯಮಗಳನ್ನು ಕಲಿಸಿರಿ: ಕಪ್ಪು ಕಂಡರೆ ಸ್ವಲ್ಪ ಎಡಕ್ಕೆ ತಿರುಗುತ್ತ ಮುಂದೆ ಸಾಗು, ಬಿಳಿ ಕಂಡರೆ ಸ್ವಲ್ಪ ಬಲಕ್ಕೆ ತಿರುಗುತ್ತ ಮುಂದೆ ಸಾಗು. ಆಮೆಯು ಪಟ್ಟಿಯ ಎಡ ಅಂಚನ್ನು ಹಿಡಿದು, ತೂಗಾಡುತ್ತ, ಆ ದಾರಿ ಎಲ್ಲಿ ಹೋದರೆ ಅಲ್ಲಿಗೆ ಹೋಗುತ್ತದೆ.

ಇಲ್ಲಿ ಚಕ್ರದ ವ್ಯಾಸ ಬೇಕಾಗಿಲ್ಲ, ಚಕ್ರಗಳ ನಡುವಣ ದೂರವೂ ಬೇಕಾಗಿಲ್ಲ. ತಪ್ಪು ಆಗುತ್ತಲೇ ಇರುತ್ತದೆ; ಆದ ಕೂಡಲೆ ಅದು ಯಂತ್ರಕ್ಕೆ ತಿಳಿಯುತ್ತದೆ, ಯಂತ್ರ ತಿದ್ದಿಕೊಳ್ಳುತ್ತದೆ. ಕೆಲಸದ ಫಲವು ಹೀಗೆ ಹಿಂದಿರುಗಿ ಬಂದು ಮುಂದಿನ ಕೆಲಸವನ್ನು ತಿದ್ದುವುದಕ್ಕೆ ಹಿಮ್ಮಾಹಿತಿ ಎಂದು ಹೆಸರು. ಗ್ರೇ ವಾಲ್ಟರನ ಆಮೆಗಳು ಬೆಳಕನ್ನು ಅರಸಿ ಹೋಗುತ್ತಿದ್ದುದು ಇದರಿಂದಲೇ. ನಾವು ಸೈಕಲ್ಲಿನ ಮೇಲೆ ಬೀಳದೆ ಸಾಗುವುದೂ ಇದರಿಂದಲೇ.

ಹಿಮ್ಮಾಹಿತಿಗೂ ಮಿತಿಯಿದೆ. ಆಮೆಯು ಸೆಕೆಂಡಿಗೆ ಇಪ್ಪತ್ತು ಸಲ ನೆಲವನ್ನು ನೋಡುತ್ತದೆಂದು ಭಾವಿಸೋಣ. ಸೆಕೆಂಡಿಗೆ ೧೦ ಸೆಂಟಿಮೀಟರ್ ವೇಗದಲ್ಲಿ ಎರಡು ನೋಟಗಳ ನಡುವೆ ಅರ್ಧ ಸೆಂಟಿಮೀಟರ್ ಸಾಗುತ್ತದೆ, ಇದು ಕ್ಷೇಮ. ವೇಗವನ್ನು ೪೦ಕ್ಕೆ ಏರಿಸಿದರೆ ಎರಡು ನೋಟಗಳ ನಡುವೆ ೨ ಸೆಂಟಿಮೀಟರ್ ಸಾಗಿ, ಪಟ್ಟಿಯನ್ನು ಕಾಣದೆಯೇ ದಾಟಿಬಿಡಬಹುದು. ಸೂರ್ಯನ ಬೆಳಕಿನಲ್ಲಿಯೂ ಅವಕೆಂಪು ಕಿರಣಗಳಿರುವುದರಿಂದ ಕಿಟಕಿಯ ಬಿಸಿಲು ನೇರವಾಗಿ ಬಿದ್ದಲ್ಲಿ ಆಮೆಯ ಕಣ್ಣು ಮೋಸಹೋಗುವುದುಂಟು. ಅಂಥ ಸಮಯದಲ್ಲಿ ಪರದೆಯನ್ನು ಎಳೆಯುವುದೇ ಪರಿಹಾರ.

ದೂರದ ನೆಲದ ಮೇಲೆ

ಇದೆಲ್ಲ ಮಕ್ಕಳ ಆಟವಷ್ಟೇ ಎಂದು ಯಾರಾದರೂ ಎಣಿಸಿದರೆ ಅವರು ಮಂಗಳಗ್ರಹದ ಕಡೆಗೆ ನೋಡಬೇಕು. ೨೦೧೨ರಲ್ಲಿ ಅಲ್ಲಿಗೆ ಇಳಿದ ಅಮೆರಿಕೆಯ 'ಕ್ಯೂರಿಯಾಸಿಟಿ' ಎಂಬ ಸಂಚಾರಿ ಯಂತ್ರದ ಚಕ್ರಗಳು ಮರಳಿನಲ್ಲಿ ಜಾರುತ್ತವೆ. ಆದುದರಿಂದ ಉರುಳಿದ ಲೆಕ್ಕವನ್ನು ನಂಬಲಾಗದು. ಅದರ ಚಕ್ರಗಳಲ್ಲಿ ಕೊರೆದಿರುವ ರಂಧ್ರಗಳು ನೆಲದ ಮೇಲೆ ಗುರುತುಗಳನ್ನು ಬಿಡುತ್ತವೆ. ಕ್ಯಾಮೆರಾದಿಂದ ಆ ಗುರುತುಗಳನ್ನು ನೋಡಿ ಯಂತ್ರವು ತಾನು ನಿಜವಾಗಿ ಎಷ್ಟು ದೂರ ಬಂದೆನೆಂಬುದನ್ನು ಅಳೆದುಕೊಳ್ಳಬಹುದು. ಮಂಗಳಕ್ಕೆ ರೇಡಿಯೋ ಸಂಕೇತ ತಲಪಲು ಗ್ರಹಗಳ ಸ್ಥಾನವನ್ನನುಸರಿಸಿ ಸುಮಾರು ೩ರಿಂದ ೨೨ ನಿಮಿಷ ಬೇಕು. ಕ್ಷಣಕ್ಷಣಕ್ಕೆ ಕೈಹಿಡಿದು ನಡೆಯಿಸುವಂತಿಲ್ಲ. ನಾವು ಆಮೆಗೆ ಕೊಟ್ಟಂತೆ ಆಜ್ಞೆಗಳ ಸರಣಿಯನ್ನೇ ಕಳಿಸಬೇಕು.

ನಮ್ಮ ದೇಶದ ಉದಾಹರಣೆಯೂ ಇದೆ. ೨೦೨೩ರ ಆಗಸ್ಟ್ ೨೩ರಂದು ಚಂದ್ರಯಾನ-೩ ಚಂದ್ರನ ಮೇಲೆ ಇಳಿಯಿತು. ಅದು ಒಯ್ದಿದ್ದ ೨೬ ಕಿಲೋಗ್ರಾಂ ತೂಕದ, ಆರು ಚಕ್ರಗಳ 'ಪ್ರಜ್ಞಾನ್' ಸಂಚಾರಿಗೆ ಆಗಸ್ಟ್ ೨೭ರಂದು ೩ ಮೀಟರ್ ಮುಂದೆ ೪ ಮೀಟರ್ ವ್ಯಾಸದ ಕುಳಿಯೊಂದು ಎದುರಾಯಿತು. ಭೂಮಿಯಿಂದ ಆಜ್ಞೆ ಹೋಯಿತು. ಯಂತ್ರವು ಬಂದ ದಾರಿಯಲ್ಲಿ ಹಿಂದಿರುಗಿ ಬೇರೆ ದಾರಿ ಹಿಡಿಯಿತು. 'ನಡೆ', 'ತಿರುಗು' ಎಂಬ ಆ ಎರಡು ಮಾತುಗಳೇ ಅಲ್ಲಿಯೂ ಕೆಲಸಕ್ಕೆ ಬಂದುವು.

ಮಾಡಿ ನೋಡಿ

೧. ನಿಮ್ಮ ಆಮೆಯಿಂದ ಒಂದೇ ಚೌಕವನ್ನು ಬಲಸುತ್ತಾಗಿ ಹತ್ತು ಸಲ, ಎಡಸುತ್ತಾಗಿ ಹತ್ತು ಸಲ ಬರೆಯಿಸಿ, ಅದು ನಿಂತ ಜಾಗಗಳನ್ನು ಗುರುತಿಸಿ. ವ್ಯವಸ್ಥಿತ ದೋಷ ಎಷ್ಟು, ಯಾದೃಚ್ಛಿಕ ದೋಷ ಎಷ್ಟು ಎಂದು ಬೇರ್ಪಡಿಸಿ.

೨. "ನಡೆ, ೧೪೪ ಡಿಗ್ರಿ ತಿರುಗು" ಎಂಬುದನ್ನು ಐದು ಸಲ ಹೇಳಿದರೆ ಯಾವ ಆಕೃತಿ ಬರುತ್ತದೆ? ಒಟ್ಟು ತಿರುಗುವಿಕೆ ೩೬೦ ಆಗದೆ ೭೨೦ ಆಗುವುದೇಕೆ? ಗೆರೆಗಳು ಒಂದನ್ನೊಂದು ದಾಟುವುದನ್ನು ಗಮನಿಸಿ.

೩. ಹೊಸ ವಿದ್ಯುತ್ಕೋಶದಿಂದಲೂ ಹಳೆಯದರಿಂದಲೂ ಆಮೆಯನ್ನು ಒಂದು ಮೀಟರ್ ನಡೆಯಿಸಿ ಅಳೆಯಿರಿ. ಅದು ಕಾಲವನ್ನು ಎಣಿಸುತ್ತದೆಯೇ, ಹೆಜ್ಜೆಯನ್ನು ಎಣಿಸುತ್ತದೆಯೇ ಎಂಬುದು ಗೊತ್ತಾಗುತ್ತದೆ.

೪. ಆಮೆ ಇಲ್ಲದವರು ಚಿಂತಿಸಬೇಕಾಗಿಲ್ಲ. ಕಣ್ಣು ಕಟ್ಟಿಕೊಂಡು ಬಯಲಿನಲ್ಲಿ ಇಪ್ಪತ್ತು ಹೆಜ್ಜೆ ಬದಿಯ ಚೌಕವನ್ನು ನಡೆದು ನೋಡಿ. ಎಷ್ಟು ದೂರ ತಪ್ಪುತ್ತೀರಿ? ಪ್ರತಿಸಲವೂ ಒಂದೇ ಕಡೆಗೆ ತಪ್ಪುತ್ತೀರೋ?

ರಜೆ ಮುಗಿದು ಹುಡುಗಿ ಊರಿಗೆ ಹೊರಟಾಗ ಆಮೆಯನ್ನು ಚೀಲದಲ್ಲಿಟ್ಟುಕೊಂಡಳು. ಮುಚ್ಚಿದ ಚೌಕವಿದ್ದ ಹಾಳೆಯನ್ನು ನನಗೆ ಕೊಟ್ಟು, ಮುಚ್ಚದ ಚೌಕಗಳ ಹತ್ತು ಚುಕ್ಕೆಗಳಿದ್ದ ಹಾಳೆಯನ್ನು ತಾನೇ ಸುರುಳಿ ಸುತ್ತಿ ಕೊಂಡೊಯ್ದಳು. ಶಾಲೆಯಲ್ಲಿ ತೋರಿಸಲು ಅದೇ ಬೇಕಂತೆ. ಮುಂದಿನ ವರ್ಷ ನನ್ನ ಪ್ರಯೋಗಶಾಲೆಯಲ್ಲಿ ೯.೬ ಎಂದು ಬರೆದು, ಅದಕ್ಕೆ ಕಾರಣವನ್ನೂ ಬರೆದ ವಿದ್ಯಾರ್ಥಿಗೆ ಪೂರ್ಣ ಅಂಕಗಳನ್ನು ಕೊಡಬೇಕೆಂದು ನಾನು ನಿಶ್ಚಯಿಸಿದ್ದೇನೆ.